ತಾಮ್ರದ ತಂತಿ ಸುತ್ತಿದ ಕತ್ತಿ

ಹಗರೆ ಬಳಿಯ ರೆಸಾರ್ಟೊಂದರ ಗಾಜಿನ ಪೆಟ್ಟಿಗೆಯಲ್ಲಿ ನಿನ್ನೆ ನಮ್ಮ ಮನೆಯ ಕತ್ತಿ ಕಂಡೆ. ಹಿಡಿಗೆ ತಾತ ಸುತ್ತಿದ್ದ ತಾಮ್ರದ ತಂತಿ ಹಾಗೇ ಇತ್ತು.

ಹಾರನಹಳ್ಳಿಯಲ್ಲಿ ಪ್ರತಿ ಆಯುಧಪೂಜೆಗೂ ಅಜ್ಜಿ ಅದನ್ನು ಹುಣಸೆಹಣ್ಣಿನಿಂದ ಉಜ್ಜಿ, ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ತಾತ ಅದರಲ್ಲೇ ಬೂದುಗುಂಬಳ ಕಡಿಯುತ್ತಿದ್ದರು. ತಾತ ತೀರಿಕೊಂಡ ವರ್ಷ, ಹಳೇ ಆಯುಧ ಸಂಗ್ರಹಿಸುವ ಶ್ರೀಮಂತರೊಬ್ಬರು ಕಾರಿನಲ್ಲಿ ಬಂದರು. "ಇಲ್ಲಿದ್ರೆ ತುಕ್ಕು ಹಿಡಿಯುತ್ತೆ ಕಣ್ರೀ, ನಮ್ಮಲ್ಲಿ ಜೋಪಾನವಾಗಿರುತ್ತೆ" ಎಂದು ದೊಡ್ಡಪ್ಪನನ್ನು ಒಪ್ಪಿಸಿ, ಬದಲಿಗೆ ಫಳಫಳ ಹೊಳೆಯುವ ಹೊಸ ಕತ್ತಿ ಕೊಟ್ಟುಹೋದರು.

ಮುಂದಿನ ಹಬ್ಬದಲ್ಲಿ ಅದು ಕುಂಬಳಕಾಯಿಗೇ ಬಗ್ಗಿತು. "ಏನ್ಲಾ, ನಿನ್ ಕತ್ತಿ ಕಾಯಿಗೇ ಕೈ ಮುಗೀತೈತೆ!" ಎಂದು ದೊಡ್ಡಪ್ಪನಿಗೆ ಹೇಳಿ ಅಜ್ಜಿ ಒಳಗೆ ಹೋದಳು. ಮತ್ತೆಂದೂ ಆ ಪೂಜೆಗೆ ಕೂರಲಿಲ್ಲ.

ಅದೇ ಶ್ರೀಮಂತರ ರೆಸಾರ್ಟಿನ ಆ ಪೆಟ್ಟಿಗೆಯ ಮೇಲೆ 'ಮುಟ್ಟಬೇಡಿ' ಎಂದು ಬರೆದಿದ್ದಾರೆ. ಜೋಪಾನವಂತೆ! ಮುಟ್ಟುವ ಕೈಯಿಲ್ಲದೆ ಅಲಗಿನ ತುಂಬ ತುಕ್ಕು.