ಸೆರಗಿನೊಳಗಿನ ಕೈ

ನನ್ನ ಅವ್ವ ಹುಟ್ಟಿನಿಂದ ಕಿವುಡಿ. ಸಿಟ್ಟು ಬಂದಾಗ ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂತುಬಿಡುತ್ತಾಳೆ. ಕೈಯಲ್ಲೇ ಮಾತಾಡುವವಳು ಕೈ ಒಳಗಿಟ್ಟಳೆಂದರೆ ಮಾತು ಮುಗಿಯಿತು ಎಂದೇ ಅರ್ಥ. ಎದುರಿಗೆ ನಿಂತು ಎಷ್ಟು ಕೈ ಆಡಿಸಿದರೂ ಅವಳು ಗೋಡೆ ನೋಡುತ್ತಾಳೆ. ಓಣಿಯ ಬೇರೆ ಮಕ್ಕಳು ತಮ್ಮ ಅವ್ವಂದಿರಿಂದ ಏಟು ತಿಂದು ಐದು ನಿಮಿಷದಲ್ಲಿ ಮತ್ತೆ ಆಡಲು ಓಡುತ್ತಿದ್ದರು. ನನಗೆ ಮಾತ್ರ ಈ ಶಿಕ್ಷೆ. ಒಂದು ಹೊಡೆತ ಹೊಡೆದುಬಿಡಬಾರದೇ ಎಂದು ಅವಳ ಸೆರಗು ಜಗ್ಗಿ ಜಗ್ಗಿ ಅತ್ತದ್ದು ಇನ್ನೂ ನೆನಪಿದೆ.

ಕ್ಷಮಿಸುವುದು ದೊಡ್ಡ ಗುಣ ಎನ್ನುತ್ತಾರೆ. ಇರಬಹುದು. ನಾನು ಅಂಥ ದೊಡ್ಡ ಗುಣದವಳಲ್ಲ. ನಾನು ಬರೆಯಲು ಕೂತಿರುವುದು ಒಂದು ಮುಯ್ಯಿಯ ಸಂಗತಿ, ಅದನ್ನು ತೀರಿಸುವಾಗ ನನಗೆ ಆದ ಸಂತೋಷವನ್ನೂ ಮುಚ್ಚಿಡದೆ ಬರೆಯುತ್ತೇನೆ.

ನಮ್ಮದು ಇಳಕಲ್. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ನಮ್ಮೂರ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಅವೆರಡರ ಒಂದೊಂದು ಎಳೆಯನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಸಿಕ್ಕಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತೇವೆ. ಸಾವಿರಾರು ಎಳೆ, ಒಂದು ತಪ್ಪಿದರೂ ಸೆರಗು ಕುಂಟುತ್ತದೆ. ಅವ್ವ ಆ ಕೆಲಸದಲ್ಲಿ ಎಷ್ಟು ಹೆಸರಾಗಿದ್ದಳೆಂದರೆ ಬೇರೆ ಓಣಿಯ ಮಗ್ಗದವರೂ ಬಂದು ಕರೆದೊಯ್ಯುತ್ತಿದ್ದರು. ಮಗ್ಗದ ಮುಂದೆ ಕೂತು ಬಲಗೈಯ ಬೆರಳುಗಳಲ್ಲಿ ಎಳೆ ಹೊಸೆಯುತ್ತ, ನಡುವೆ ಒಂದು ಗಳಿಗೆ ಬಿಡುವು ಮಾಡಿಕೊಂಡು ಅದೇ ಬೆರಳುಗಳಲ್ಲಿ ನನಗೆ ಏನಾದರೂ ಹೇಳಿ ನಗಿಸಿ ಮತ್ತೆ ಎಳೆಗೆ ಹೋಗುತ್ತಿದ್ದಳು. ಚಿಕ್ಕಂದಿನಲ್ಲಿ ಆರು ವರ್ಷ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿದ್ದವಳು, ಸನ್ನೆ ಭಾಷೆ ಅಲ್ಲಿ ಕಲಿತದ್ದು. ಜೊತೆಗೆ ನಮ್ಮ ಮನೆಯದೇ ಒಂದಿಷ್ಟು ಸನ್ನೆಗಳು ಸೇರಿದ್ದವು. ಅವಳ ಕೈಮಾತು ನನಗೆ ನಮ್ಮೂರ ಮಾತಿನಲ್ಲೇ ಕೇಳಿಸುತ್ತದೆ, ಇಲ್ಲಿ ಬರೆಯುವುದೂ ಹಾಗೆಯೇ.

ಕೆಲವು ವರ್ಷಗಳ ಹಿಂದೆ ಅವಳಿಗೆ ಹೊಟ್ಟೆನೋವು ಬಂತು. ಎರಡು ದಿನ ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ಮೂರನೆಯ ದಿನ ಹುನಗುಂದದ ಆಸ್ಪತ್ರೆಗೆ ಒಯ್ದೆ. ಅವರು ಕರುಳಿಗೆ ತೂತು ಬಿದ್ದಿರಬಹುದು, ತಡ ಮಾಡಬೇಡಿ ಎಂದು ಬಾಗಲಕೋಟೆಗೆ ಕಳಿಸಿದರು. ಆಂಬುಲೆನ್ಸು ಅಮೀನಗಡ ದಾಟುವವರೆಗೂ ಅವಳು ನನ್ನ ಅಂಗೈಯ ಮೇಲೆ ಬೆರಳಿಟ್ಟು ಏನೇನೋ ಹೇಳುತ್ತಲೇ ಇದ್ದಳು. ಮನೆಯ ಹಿತ್ತಲ ಬಾಗಿಲಿಗೆ ಅಗಳಿ ಹಾಕಿದೆಯಾ ಎಂದು ಕೇಳಿದ್ದು ಮಾತ್ರ ಈಗ ನೆನಪಿದೆ.

ಬಾಗಲಕೋಟೆಯ ಆ ಖಾಸಗಿ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರರು ಅವ್ವನ ಜೀವ ಉಳಿಸಿದರು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆಮೇಲೆ ಅವಳನ್ನು ಐಸಿಯು ಒಳಗೆ ಇಟ್ಟರು, ನನ್ನನ್ನು ಹೊರಗೆ ಇಟ್ಟರು. ನಾನು ಡಾಕ್ಟರರ ಕೋಣೆಗೆ ಹೋಗಿ, ಅವ್ವನಿಗೆ ಕಿವಿ ಕೇಳುವುದಿಲ್ಲ, ಎಚ್ಚರಾದಾಗ ನಾನು ಹತ್ತಿರ ಇರಬೇಕು, ಇಲ್ಲವೇ ಸನ್ನೆ ಭಾಷೆ ಬಲ್ಲ ಯಾರನ್ನಾದರೂ ಕರೆಸಿ ಎಂದು ಕೇಳಿಕೊಂಡೆ. ಅವರು ಮೊಬೈಲಿನಿಂದ ಕಣ್ಣೆತ್ತಲಿಲ್ಲ.

"ರಿಪೋರ್ಟ್ ಎಲ್ಲಾ ಹೇಳ್ತಾವ ತಂಗಿ. ಪೇಷಂಟ್ ಹೇಳೂದೇನೂ ಉಳಿದಿರೂದಿಲ್ಲ."

ಆ ಮಾತನ್ನು ನಾನು ಒಂದಕ್ಷರ ಬಿಡದೆ ಇಟ್ಟುಕೊಂಡಿದ್ದೇನೆ.

ಮರುದಿನ ಬೆಳಿಗ್ಗೆ ಒಬ್ಬ ನರ್ಸು ಕಾಗದದ ಕಟ್ಟು ಹಿಡಿದು ಹೊರಗೆ ಬಂದಳು. ನಿಮ್ಮವ್ವ ಭಾಳ ಕೈ ಬೀಸಾಡಾಕತ್ತಾರ, ಸಲೈನ್ ಕಿತ್ಕೊಂಡ್ರ ಜೀವಕ್ಕ ಕುತ್ತು, ಇಲ್ಲಿ, ಇಲ್ಲಿ, ಇಲ್ಲಿ ಸಹಿ ಮಾಡ್ರಿ ಎಂದಳು. ಜೀವಕ್ಕೆ ಕುತ್ತು ಎಂದ ಮೇಲೆ ಓದುತ್ತ ಕೂರುವವರು ಯಾರು? ನಾನು ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವಳು. ಒಂದು ಸಾಲನ್ನೂ ಓದದೆ ಎಲ್ಲದಕ್ಕೂ ಸಹಿ ಹಾಕಿದೆ.

ಎರಡು ದಿನ ಬಿಟ್ಟು ಒಳಗೆ ಬಿಟ್ಟರು. ಅವ್ವನ ಎರಡೂ ಕೈಗಳನ್ನು ಬ್ಯಾಂಡೇಜಿನ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ನನ್ನನ್ನು ಕಂಡದ್ದೇ ಅವಳ ಕಣ್ಣು ಬಲಗೈ ಕಡೆಗೆ ಹೋಯಿತು, ನನ್ನ ಕಡೆಗೆ ಬಂತು, ಮತ್ತೆ ಕೈ ಕಡೆಗೆ ಹೋಯಿತು. ಬಿಚ್ಚಿ ನೋಡಿದರೆ ಸೂಜಿ ಚುಚ್ಚಿದ್ದ ಮುಂಗೈ ಊದಿ, ಚರ್ಮ ಕಪ್ಪಗಾಗಿತ್ತು. ನರಕ್ಕೆ ಹೋಗಬೇಕಾದ ಔಷಧ ಮಾಂಸಕ್ಕೆ ಇಳಿದಿತ್ತು. ಮೊದಲ ದಿನದಿಂದಲೂ ಅವಳು ಅದನ್ನೇ ಹೇಳುತ್ತಿದ್ದಳು. ಕೈ ಉರಿಯುತ್ತಿದೆ, ಸೂಜಿ ತೆಗೆಯಿರಿ ಎನ್ನುತ್ತಿದ್ದ ಕೈಯನ್ನೇ ಅವರು ಇನ್ನಷ್ಟು ಬಿಗಿದು ಕಟ್ಟಿದ್ದರು. ಕಿವಿ ಕೇಳುವವರೊಬ್ಬರ ಬಾಯಿಗೆ ಹೀಗೆ ಬಟ್ಟೆ ತುರುಕಿ, ಅವರ ಕೈಯನ್ನು ಎರಡು ದಿನ ಬೆಂಕಿಯಲ್ಲಿ ಇಟ್ಟಿದ್ದರೆ ಪೊಲೀಸರು ಬರುತ್ತಿದ್ದರು.

ಕಪ್ಪಾದ ಚರ್ಮ ತೆಗೆದು ತೊಡೆಯ ಚರ್ಮ ಹಾಕಿದರು. ಬಲಗೈಯ ನಡುಬೆರಳು, ಉಂಗುರದ ಬೆರಳು ಮಡಚಿಕೊಂಡವು, ಮತ್ತೆ ಚಾಚಲಿಲ್ಲ. ಕೊಂಡಿ ಹಾಕುವ ಕೆಲಸ ಅಲ್ಲಿಗೆ ನಿಂತಿತು. ಅದಕ್ಕಿಂತ ದೊಡ್ಡ ನಷ್ಟ ಮನೆಗೆ ಬಂದ ಮೇಲೆ ಗೊತ್ತಾಯಿತು. ಅವಳ ಮಾತು ತೊದಲತೊಡಗಿತು. ಆ ಎರಡು ಬೆರಳು ಬೇಕಾದ ಸನ್ನೆಗಳೆಲ್ಲ ಅರ್ಧಕ್ಕೇ ನಿಲ್ಲುತ್ತಿದ್ದವು. ನಾನು ಇನ್ನೊಮ್ಮೆ ಹೇಳು ಎಂದು ಕೇಳಬೇಕಾಗುತ್ತಿತ್ತು, ಅವಳು ಇನ್ನೊಮ್ಮೆ ಹೇಳಿ, ಮೂರನೆಯ ಸಲ ಇರಲಿ ಬಿಡು ಎಂದು ಕೈ ಇಳಿಸುತ್ತಿದ್ದಳು. ಅವಳು ಇರಲಿ ಬಿಡು ಎಂದಾಗಲೆಲ್ಲ ನಾನು ಆ ಡಾಕ್ಟರರನ್ನು ಮನಸ್ಸಿನಲ್ಲಿ ಒಂದು ಸಲ ಮಂಚಕ್ಕೆ ಕಟ್ಟುತ್ತಿದ್ದೆ.

ಸೇಡು ನನ್ನನ್ನು ಹಗಲೂ ಇರುಳೂ ಸುಮ್ಮನೆ ಬಿಡುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಕೂತು ಅಂಗವಿಕಲರ ಹಕ್ಕುಗಳ ಕಾಯ್ದೆ ಓದಿದೆ. ಕಿವುಡರಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದು, ಅವರ ಮಾತು ಕೇಳುವುದು ಯಾರೂ ದಯದಿಂದ ಕೊಡುವ ದಾನವಲ್ಲ, ಅದು ಹಕ್ಕು ಎಂದು ಅದರಿಂದ ತಿಳಿಯಿತು. ನಾನೋ ಅವತ್ತು ಡಾಕ್ಟರರ ಮೇಜಿನ ಮುಂದೆ ಭಿಕ್ಷೆ ಬೇಡುವವಳ ಹಾಗೆ ನಿಂತಿದ್ದೆ. ಅದನ್ನು ನೆನೆದು ಹಲ್ಲು ಕಡಿದೆ. ಅರ್ಜಿ ಬರೆದೆ. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋದೆ. ಪರಿಹಾರ ಕೇಳಲಿಲ್ಲ. ಡಾಕ್ಟರರು ಅವ್ವನ ಎದುರು ಕೂತು, ಅವಳು ಹೇಳುವುದನ್ನು ಮೊದಲಿಂದ ಕೊನೆಯವರೆಗೆ ಕೇಳಬೇಕು, ಮುಂದೆ ಯಾವ ಕಿವುಡರ ಕೈಯನ್ನೂ ಹೀಗೆ ಕಟ್ಟಬಾರದು, ಇವೆರಡನ್ನೇ ಕೇಳಿದೆ.

ವಿಚಾರಣೆ ಬಾಗಲಕೋಟೆಯ ನವನಗರದಲ್ಲಿ, ಅಂಗವಿಕಲರ ದೂರು ಕೇಳುವ ಕಚೇರಿಯಲ್ಲಿ ಆಯಿತು. ಅಧಿಕಾರಿ ಒಳ್ಳೆಯ ಮನುಷ್ಯ, ಬೇಗ ಮುಗಿಸುವ ಆತುರವಿತ್ತು. ದುಭಾಷಿ ಎಲ್ಲಿ ಹುಡುಕೋಣ, ಮಗಳೇ ಇದ್ದೀರಲ್ಲ, ನೀವೇ ಹೇಳಿ ಎಂದರು. ನಾನು ಒಪ್ಪಲಿಲ್ಲ.

"ನಾ ಹೇಳಿದ್ರ ನಾಳೆ ಇವರು, ಮಗಳು ತನ್ನ ಮಾತು ಕೂಡಿಸಿ ಹೇಳಿದ್ಲು ಅಂತಾರ್ರಿ. ದುಭಾಷಿ ಬರಬೇಕು. ಬರೂತನಕ ನಾವು ಕಾಯ್ತೇವಿ."

ಎರಡು ಸಲ ವಿಚಾರಣೆ ಮುಂದಕ್ಕೆ ಹೋಯಿತು. ಎರಡೂ ಸಲ ಡಾಕ್ಟರರು ತಮ್ಮ ರೋಗಿಗಳನ್ನು ಬಿಟ್ಟು ಬಂದು, ಬೆಂಚಿನ ಮೇಲೆ ಕೂತು, ಗಡಿಯಾರ ನೋಡಿ ವಾಪಸು ಹೋದರು. ಹೊರಗೆ ಕಾಯುವುದೆಂದರೆ ಏನೆಂದು ಅವರಿಗೂ ತಿಳಿಯಲಿ ಎಂದು ನಾನು ಎದುರಿನ ಬೆಂಚಿನಲ್ಲಿ ಕೂತು ಅವರನ್ನೇ ನೋಡುತ್ತಿದ್ದೆ. ಹೊಟ್ಟೆ ತಣ್ಣಗಾಗುತ್ತಿತ್ತು. ಮೂರನೆಯ ಸಲ ಹುಬ್ಬಳ್ಳಿಯಿಂದ ದುಭಾಷಿ ಬಂದಳು, ಸನ್ನೆ ಭಾಷೆ ಪದ್ಧತಿಯಾಗಿ ಕಲಿತ ಹುಡುಗಿ.

ಅವ್ವ ಹೇಳಿದಳು. ಎಚ್ಚರವಾದದ್ದು, ಕೈ ಉರಿದದ್ದು, ನರ್ಸಿಗೆ ತೋರಿಸಿದ್ದು, ಕಟ್ಟಿದ್ದು. ಎರಡು ಬೆರಳಿನ ಸನ್ನೆ ಬಂದಾಗಲೆಲ್ಲ ದುಭಾಷಿ ತಿಳಿಯದೆ ಇನ್ನೊಮ್ಮೆ ತೋರಿಸಿ ಎನ್ನುತ್ತಿದ್ದಳು. ಅವ್ವ ಮಡಚಿದ ಬೆರಳುಗಳನ್ನು ಎಡಗೈಯಿಂದ ಹಿಡಿದು ನೆಟ್ಟಗೆ ಮಾಡಿ ತೋರಿಸುತ್ತಿದ್ದಳು. ಇರಲಿ ಬಿಡು ಎಂದು ಅವತ್ತು ಒಮ್ಮೆಯೂ ಅನ್ನಲಿಲ್ಲ. ಡಾಕ್ಟರರು ಮೊದಲು ದುಭಾಷಿಯ ಮುಖ ನೋಡುತ್ತಿದ್ದವರು, ಆಮೇಲೆ ಅವ್ವನ ಕೈ ನೋಡತೊಡಗಿದರು. ನಾನು ಗೆದ್ದೆ ಎಂದುಕೊಂಡೆ.

ಆಗ ಅವರು ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಕೈ ಕಟ್ಟಲು ಮನೆಯವರ ಒಪ್ಪಿಗೆ ಇದೆ, ಸಹಿ ಮಗಳದು ಎಂದರು. ನನ್ನ ಗುಂಡು ಗುಂಡು ಅಕ್ಷರದ ಸಹಿ ಅಲ್ಲಿ ಕೂತಿತ್ತು. ದುಭಾಷಿ ತನ್ನ ಕೆಲಸ ಮಾಡಿದಳು. ನಿನ್ನ ಮಗಳು ಒಪ್ಪಿ ಸಹಿ ಮಾಡಿದ್ದಾಳೆ ಎಂದು ಅವ್ವನಿಗೆ ಅಚ್ಚುಕಟ್ಟಾಗಿ ಹೇಳಿದಳು. ನಾನೇ ದುಭಾಷಿಯಾಗಿದ್ದರೆ ಆ ಒಂದು ವಾಕ್ಯವನ್ನು ನುಂಗಿಬಿಡುತ್ತಿದ್ದೆ, ಯಾರಿಗೂ ತಿಳಿಯುತ್ತಿರಲಿಲ್ಲ. ಬೇರೆಯವರು ಬರಬೇಕೆಂದು ಹಟ ಹಿಡಿದವಳು ನಾನೇ. ಅವ್ವ ನನ್ನ ಕಡೆ ನೋಡಿದಳು, ಎರಡೂ ಕೈ ಸೆರಗಿನೊಳಗೆ ಹೋದವು.

ಆ ಕೈಗಳು ಮೂರು ದಿನ ಹೊರಗೆ ಬರಲಿಲ್ಲ. ರೊಟ್ಟಿ ಬಡಿಯುವಾಗ, ಉಣ್ಣುವಾಗ ಬಂದದ್ದು ಬೇರೆ. ನನ್ನ ಕಡೆ ತಿರುಗಿದ ಕೂಡಲೇ ಒಳಗೆ ಹೋಗುತ್ತಿದ್ದವು. ಅಷ್ಟು ದಿನ ಡಾಕ್ಟರರ ಮೇಲಿದ್ದ ಸಿಟ್ಟು ಅರ್ಧ ನನ್ನ ಮೇಲೆಯೇ ತಿರುಗಿತು, ಆ ಅರ್ಧವೇ ಹೆಚ್ಚು ಸುಡುತ್ತಿತ್ತು. ನಾಲ್ಕನೆಯ ದಿನ ನಾನು ಕಸ ಗುಡಿಸುತ್ತಿದ್ದಾಗ ನೆಲಕ್ಕೆ ಕಾಲು ಬಡಿದು ಕರೆದಳು.

"ನಿನಗೂ ಯಾರೂ ಬಿಡಿಸಿ ಹೇಳಿರ್ಲಿಲ್ಲ," ಎಂದಳು. ಆಮೇಲೆ, "ಆದ್ರ ನೀ ಓದಬೇಕಿತ್ತು. ನಿನಗ ಸಾಲಿ ಕಲಿಸಿದ್ದು ಅದಕ್ಕ."



ಸಹಿ ಇದ್ದರೂ, ರೋಗಿಯನ್ನು ಕೇಳದೆ ಕಟ್ಟಿದ್ದು ತಪ್ಪು ಎಂದು ಆದೇಶ ಬಂತು. ಕಿವುಡ ರೋಗಿ ಬಂದರೆ ದುಭಾಷಿಯನ್ನು ಕರೆಸಲೇಬೇಕು, ಖರ್ಚು ಆಸ್ಪತ್ರೆಯದೇ ಎಂದೂ ಬರೆದಿದ್ದರು. ಅಷ್ಟಕ್ಕೆ ಸುಮ್ಮನಾಗುವ ಜಾತಿ ನನ್ನದಲ್ಲ. ರಜೆಯಲ್ಲಿ ಹೋಗಿ ದುಭಾಷಿಯ ತರಬೇತಿ ಮುಗಿಸಿದೆ, ಜಿಲ್ಲೆಯ ಪಟ್ಟಿಯಲ್ಲಿ ಹೆಸರು ಬರೆಸಿದೆ. ಆ ಆಸ್ಪತ್ರೆಗೆ ಕಿವುಡರೊಬ್ಬರು ಬಂದಾಗ ಅವರು ಪಟ್ಟಿ ತೆಗೆದು ನೋಡಿದರು. ಹತ್ತಿರದಲ್ಲಿ ಇದ್ದದ್ದು ನನ್ನ ಹೆಸರೊಂದೇ. ಫೋನಿನಲ್ಲಿ ಆ ಡಾಕ್ಟರರ ದನಿ ಕೇಳಿದಾಗ ಹಬ್ಬದ ಹೋಳಿಗೆ ತಿಂದಷ್ಟು ಖುಷಿಯಾಯಿತು.

ಅಂದಿನಿಂದ ಅವರಿಗೆ ನನ್ನಿಂದ ಬಿಡುಗಡೆ ಇಲ್ಲ. ಬಾದಾಮಿಯಿಂದ ಕಲ್ಲು ಒಡೆಯುವ ಕಿವುಡನೊಬ್ಬ ಎದೆನೋವೆಂದು ಬಂದ. ಡಾಕ್ಟರರು ಅರ್ಧ ವಾಕ್ಯದಲ್ಲಿ ಮುಗಿಸಿ ಏಳುವವರಿದ್ದರು. ನಾನು ಕುರ್ಚಿಯ ಪಕ್ಕದಲ್ಲೇ ನಿಂತು, ಇವರಿಗೆ ಇನ್ನೂ ಕೇಳುವುದಿದೆಯಂತೆ, ಕೂಡ್ರಿ ಎಂದೆ. ಕೂತರು. ಗುಳಿಗೆ ಯಾಕೆ, ಎಷ್ಟು ದಿನ, ಕಲ್ಲು ಒಡೆಯಬಹುದೇ, ಎಲ್ಲವನ್ನೂ ಹೇಳಿಸಿದೆ. ರಿಪೋರ್ಟಿನಲ್ಲಿ ಇಲ್ಲದ ಒಂದು ಸಂಗತಿಯನ್ನು ಆ ಮನುಷ್ಯ ಹೇಳಿದಾಗ ಡಾಕ್ಟರರು ಬರೆದುಕೊಂಡರು. ನಾನು ಅವರ ಪೆನ್ನನ್ನೇ ನೋಡುತ್ತಿದ್ದೆ, ಅವರಿಗೂ ಅದು ಗೊತ್ತಿತ್ತು.

ಹೋದ ತಿಂಗಳು ಕೆರೂರಿನಿಂದ ಒಬ್ಬ ಕಿವುಡ ಹೆಣ್ಣುಮಗಳು ಹೊಟ್ಟೆಯ ಆಪರೇಷನ್ನಿಗೆ ಬಂದಿದ್ದಳು. ಭಾಳ ಹೆದರಿದ್ದಳು. ವಿಷಯ ಕೇಳಿ ಅವ್ವ ತಾನೂ ಬರುತ್ತೇನೆಂದು ಹೊರಟಳು. ಆ ಆಸ್ಪತ್ರೆಯ ಮೆಟ್ಟಿಲನ್ನು ಅವಳು ಮತ್ತೆ ಹತ್ತಿದ್ದು ಅವತ್ತೇ. ಆಪರೇಷನ್ ಆದ ಮೇಲೆ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, ತನ್ನ ತೊದಲುಗೈಯಿಂದ ಆಕೆಯ ಜೊತೆ ಏನೋ ಮಾತಾಡುತ್ತಿದ್ದಳು. ಡಾಕ್ಟರರು ಒಳಗೆ ಬಂದರು.

ಅವ್ವನನ್ನು ಕಂಡು ಬಾಗಿಲಲ್ಲೇ ನಿಂತರು. ಆಮೇಲೆ ಹತ್ತಿರ ಬಂದು, ಮುಷ್ಟಿ ಮಾಡಿ ಎದೆಯ ಮೇಲೆ ಸುತ್ತು ತಿರುಗಿಸಿದರು. ಕ್ಷಮಿಸಿ ಎನ್ನುವ ಸನ್ನೆ. ನಾನು ಕಲಿಸಿರಲಿಲ್ಲ, ಮೊಬೈಲಿನಲ್ಲಿ ನೋಡಿ ಕಲಿತಿರಬೇಕು. ಸರಿಯಾಗಿಯೇ ಮಾಡಿದರು.

ಅವ್ವ ಪೂರ್ತಿ ನೋಡಿದಳು. ನೋಡಿ, ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಅವರು ನನ್ನ ಕಡೆ ತಿರುಗಿದರು. "ಏನಂದ್ರು ನಿಮ್ಮವ್ವ?"

ಅದನ್ನು ಹೇಳುವುದೂ ನನ್ನ ಕೆಲಸವೇ. "ಏನೂ ಅನ್ನಲಿಲ್ರಿ. ನಿಮ್ಮ ಕೂಡ ಮಾತಾಡೂದಿಲ್ಲಂತ," ಎಂದೆ.

ಅವರ ಮುಷ್ಟಿ ಇನ್ನೂ ಎದೆಯ ಮೇಲೇ ಇತ್ತು. ಏನಾದರೂ ಸೇರಿಸಿ ಹೇಳುತ್ತೇನೇನೋ ಎಂದು ಕಾದರು. ನಾನು ಸೇರಿಸಲಿಲ್ಲ. ರೋಗಿಯ ಚೀಟಿ ನೋಡಿ, ನನ್ನ ಮೂಲಕ ಕೇಳಬೇಕಾದದ್ದನ್ನು ಕೇಳಿ, ಅವರು ಹೊರಗೆ ಹೋದರು.

ಬಾಗಿಲು ಮುಚ್ಚಿದ ಮೇಲೆ ಅವ್ವನ ಕೈ ಹೊರಗೆ ಬಂದವು. ಕೆರೂರಿನ ಹೆಣ್ಣುಮಗಳ ಮುಂಗೈ ಎತ್ತಿ, ಸಲೈನ್ ಸೂಜಿಯ ಸುತ್ತ ತನ್ನ ನೆಟ್ಟಗಿದ್ದ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. ಆಮೇಲೆ ಕೇಳಿದಳು.

"ಇಲ್ಲಿ ಉರಿಯಾಕತ್ತೈತೇನು? ನನಗ ಹೇಳು."