ಮಂಜು ಕರಗಿದ ಊರು

ಆಸ್ಪತ್ರೆಯ ಟೆಲಿಫೋನ್ ಆಪರೇಟರ್‌ಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಹೊಸಬರು ಸಿಕ್ಕರೆ ಅದನ್ನು ಅವನೇ ಮೊದಲು ಹೇಳಿ ಮುಗಿಸಿಬಿಡುತ್ತಿದ್ದ. ಪಾಪ, ಅವರು ಹೇಗೆ ಕೇಳುವುದೆಂದು ಒದ್ದಾಡುವುದು ಬೇಡ ಅಂತ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಗುಂಡಿಗಳ ಬೋರ್ಡಿನ ಮುಂದೆ ಕೂತನೆಂದರೆ ಇಡೀ ಆಸ್ಪತ್ರೆ ಅವನ ಬೆರಳ ತುದಿಯಲ್ಲಿ. ಯಾವ ಡಾಕ್ಟರ ಮೂಗಿನ ತುದಿಯಲ್ಲಿ ಸಿಟ್ಟು ಕೂತಿದೆ, ಯಾವ ನರ್ಸ್ ಈಗಷ್ಟೇ ಅತ್ತು ಮುಖ ತೊಳೆದಿದ್ದಾಳೆ, ಎಲ್ಲ ಒಂದು ಹಲೋದಲ್ಲಿ ಗೊತ್ತಾಗುತ್ತಿತ್ತು. ಅವರ ಮುಂದೆ ಒಂದು ಚೂರೂ ತೋರಿಸಿಕೊಳ್ಳುತ್ತಿರಲಿಲ್ಲ, ಆಮೇಲೆ ಅಕ್ಕನ ಹತ್ತಿರ ಹೇಳಿ ಹೊಟ್ಟೆ ತುಂಬ ನಗುತ್ತಿದ್ದ.

ಅಕ್ಕನದೂ ಅದೇ ಆಸ್ಪತ್ರೆ. ಹರಿದ ಹಾಸುಬಟ್ಟೆಗಳನ್ನೂ ಆಪರೇಷನ್ ಗೌನುಗಳನ್ನೂ ಹೊಲಿದುಕೊಡುವ ಕೆಲಸ. ಮೊದಲೆಲ್ಲ ಅವನು ಕೋಲು ಹಿಡಿದು ಒಬ್ಬನೇ ಡ್ಯೂಟಿಗೆ ಬರುತ್ತಿದ್ದ. ಒಂದು ಸಲ ಯಾರೋ ಪುಣ್ಯಾತ್ಮರು ಪೈಪು ಹಾಕುತ್ತೇವೆಂದು ಫುಟ್‌ಪಾತ್ ಅಗೆದು, ಹಾಗೇ ಬಾಯಿ ತೆರೆದು ಬಿಟ್ಟು ಹೋದರು. ಅವನು ಅದರೊಳಗೆ ಬಿದ್ದು ಭುಜದ ಮೂಳೆ ಮುರಿದುಕೊಂಡ. ಅವತ್ತು ಅಕ್ಕ ಆ ಕೋಲನ್ನು ಬಾಗಿಲ ಹಿಂದೆ ನಿಲ್ಲಿಸಿ ತಮ್ಮನ ಮೊಣಕೈ ಹಿಡಿದವಳು ಮತ್ತೆ ಬಿಡಲಿಲ್ಲ. ಮನೆಯಿಂದ ಆಸ್ಪತ್ರೆವರೆಗೂ ಅವಳ ಬಾಯಲ್ಲಿ ಮೂರೇ ಮಾತು. "ಮೆಟ್ಟಿಲು." "ಗುಂಡಿ." "ಗಾಡಿ." ಪ್ರೀತಿ ಹೌದು, ಯಾರು ಇಲ್ಲವೆಂದರು? ಆದರೆ ನಲವತ್ತು ದಾಟಿದ ಗಂಡಸಿಗೆ ಒಂದು ಹೆಜ್ಜೆಯನ್ನಾದರೂ ತನ್ನ ಪಾಡಿಗೆ ತಾನು ಇಡಬೇಕು ಅನಿಸುವುದಿಲ್ಲವೇ? ಅನಿಸುತ್ತಿತ್ತು. ಹೇಳಿದರೆ ಅಕ್ಕ ನೊಂದುಕೊಳ್ಳುತ್ತಾಳೆಂದು ನುಂಗಿಕೊಳ್ಳುತ್ತಿದ್ದ.

ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಬಿದ್ದಿದ್ದಾಗ, ಮಹಡಿ ಮೇಲೆ ಬಾಡಿಗೆಗಿದ್ದ ಎಕ್ಸ್‌ರೇ ಟೆಕ್ನಿಷಿಯನ್ ತನ್ನ ಗೇಮ್ ಮೆಷಿನ್ ತಂದು ಇವರ ಟೀವಿಗೆ ಜೋಡಿಸಿದ. ಒಬ್ಬನೇ ಆಡುವುದಕ್ಕಿಂತ ಹರಟೆಗೊಬ್ಬರಿದ್ದರೆ ಚೆನ್ನ ಅಂತ ಅವನ ಲೆಕ್ಕ. ಆಟದ ಹೆಸರು 'ದೀಪಸ್ತಂಭ'. ಒಂದು ಬಂದರಿನ ಊರು. ಸಂಜೆಯಾದರೆ ದೀಪದವನು ಊರು ದಾಟಿ ಹೋಗಿ ದೀಪಸ್ತಂಭದ ದೀಪ ಹಚ್ಚಬೇಕು. ಕಷ್ಟವೇನೆಂದರೆ ಊರಿಗೆ ಊರೇ ಮಂಜಿನಲ್ಲಿ ಮುಳುಗಿರುತ್ತದೆ. ಮಾಡಿದವರು ನಾಲ್ಕೈದು ಜನ ಹುಡುಗರಂತೆ. ಒಳ್ಳೆಯ ಚಿತ್ರ ಬಿಡಿಸಲು ಗತಿಯಿಲ್ಲದೆ ಮಂಜು ಮುಚ್ಚಿ, ಇದ್ದ ಬುದ್ಧಿಯನ್ನೆಲ್ಲ ಸದ್ದಿಗೆ ಸುರಿದಿದ್ದರು. ಜಲ್ಲಿಗೆ ಒಂದು ಸದ್ದು, ಮರದ ಹಲಗೆಗೆ ಇನ್ನೊಂದು. ಎಡಕ್ಕೆ ಪೀಪಾಯಿ ಮಾಡುವವನ ಸುತ್ತಿಗೆ, ಬಲಕ್ಕೆ ತೊಟ್ಟಿಕ್ಕುವ ನಲ್ಲಿ, ಅದರಾಚೆ ತಂತಿಯ ಮೇಲೆ ಪಟಪಟ ಹೊಡೆದುಕೊಳ್ಳುವ ಬಟ್ಟೆ.

ಟೆಕ್ನಿಷಿಯನ್ ಆ ಮಂಜಿನಲ್ಲಿ ಗೊತ್ತುಗುರಿಯಿಲ್ಲದೆ ಸುತ್ತುತ್ತಿದ್ದ. ಮಂಚದಿಂದ ಆಪರೇಟರ್ ಹೇಳಿದ, "ಅಲ್ರೀ, ಆಗ್ಲಿಂದ ನೀರಲ್ಲೇ ನಡೀತಿದ್ದೀರಲ್ಲ. ಸೇತುವೆ ನಿಮ್ಮ ಬಲಗಡೆ ಇದೆ."

"ನಿಮಗೆ ಹೇಗೆ ಗೊತ್ತು?"

"ಹಲಗೆ ಕಿರುಗುಟ್ತಾ ಇದೆಯಲ್ರೀ! ಕಿವಿಗೇನು ಹತ್ತಿ ಇಟ್ಕೊಂಡಿದ್ದೀರಾ?"

ಟೆಕ್ನಿಷಿಯನ್ ಸುಮ್ಮನೆ ಕಂಟ್ರೋಲರನ್ನು ಅವನ ಕೈಗಿತ್ತ. ಅವತ್ತು ಆಪರೇಟರ್ ಯಾರ ಕೈಯೂ ಇಲ್ಲದೆ ಒಂದು ಊರನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದ. ದೀಪ ಹತ್ತಿಕೊಂಡಾಗ ಬುಸ್ಸೆಂದು ಒಂದು ಸದ್ದು ಬರುತ್ತದೆ. ಅದನ್ನು ಕೇಳಿ ಅವನು ಮಗುವಿನ ಹಾಗೆ ಅತ್ತ. ಟೆಕ್ನಿಷಿಯನ್ ಕಿಟಕಿಯ ಕಡೆ ನೋಡುತ್ತಾ ಕೂತ. ಆಮೇಲೆ ಅವನು ಬೇರೆ ಮೆಷಿನ್ ಕೊಂಡಾಗ ಹಳೆಯದನ್ನು ಇವರ ಮನೆಯಲ್ಲೇ ಬಿಟ್ಟ.

ಆ ಆಟವನ್ನು ಇಬ್ಬರು ಒಟ್ಟಿಗೆ ಆಡಲೂಬಹುದಿತ್ತು. ಎರಡನೆಯವರು ಎಣ್ಣೆ ಡಬ್ಬ ಹೊತ್ತು ದೀಪದವನ ಹಿಂದೆ ಬರಬೇಕು. ದಾರಿ ಕಾಣದ ಕಾರಣ, ಅವನು ಬಾರಿಸುವ ಗಂಟೆಯ ಸದ್ದು ಹಿಡಿದು ಬರಬೇಕು. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಎಣ್ಣೆ ಡಬ್ಬ ಅಕ್ಕನ ಪಾಲಿಗೆ.

"ಏನೂ ಕಾಣಿಸ್ತಿಲ್ಲ ಕಣೋ. ಬರೀ ಬೆಳ್ಳಗೆ."

"ಕಣ್ಣಿರೋರ ಕಷ್ಟ ಯಾರಿಗೂ ಬೇಡಪ್ಪಾ," ಎಂದು ಅವನು ಗಂಟೆ ಬಾರಿಸುತ್ತಿದ್ದ. "ಗಂಟೆ ಹಿಂದೇನೇ ಬಾ. ಮೆಟ್ಟಿಲು ಬಂತು, ಹುಷಾರು!"

ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ದಿನಾ ತಾನು ಕೈಹಿಡಿದು ನಡೆಸುವ ತಮ್ಮ ವಾರಕ್ಕೊಂದು ಸಲ ತನ್ನನ್ನು ನಡೆಸುತ್ತಿದ್ದಾನೆ. ನೀರಿಗೆ ಬೀಳದಂತೆ ಕಾಪಾಡುತ್ತಾನೆ, ತಡ ಮಾಡಿದರೆ ಗದರುತ್ತಾನೆ. ಉಳಿದ ವಾರವೆಲ್ಲ ಅವಳು ಮೊಣಕೈ ಹಿಡಿದಾಗ ಅವನು ತಕರಾರಿಲ್ಲದೆ ನಡೆಯುತ್ತಿದ್ದದ್ದು ಈ ಒಂದು ಮಧ್ಯಾಹ್ನದ ದೆಸೆಯಿಂದ.

ಹೀಗೆ ವರ್ಷಗಳು ಕಳೆದ ಮೇಲೆ, 'ದೀಪಸ್ತಂಭ'ದ ಎರಡನೇ ಭಾಗ ಬರುತ್ತದೆಂಬ ಸುದ್ದಿ ಬಂತು. ಒಂದು ದೊಡ್ಡ ಕಂಪನಿ ಆ ಹುಡುಗರಿಂದ ಆಟವನ್ನು ಕೊಂಡುಕೊಂಡಿತ್ತು. ಟೆಕ್ನಿಷಿಯನ್ ಊಟದ ಬಿಡುವಿನಲ್ಲಿ ಬಂದು ಫೋನಿನಲ್ಲಿ ಬಂದದ್ದನ್ನೆಲ್ಲ ಓದಿ ಹೇಳುತ್ತಿದ್ದ. ಅದೇ ಊರು, ಆದರೆ ಇನ್ನೂ ದೊಡ್ಡದು, ಇಬ್ಬರೂ ಆಡಬಹುದು. ಆಪರೇಟರ್‌ಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನೂ ದೊಡ್ಡ ಊರೆಂದರೆ ಇನ್ನಷ್ಟು ಬೀದಿ, ಇನ್ನಷ್ಟು ಸದ್ದು! ಅಕ್ಕನನ್ನು ಎಲ್ಲೆಲ್ಲಿ ಕರೆದುಕೊಂಡು ಹೋಗುತ್ತೇನೆಂದು ಈಗಲೇ ಲೆಕ್ಕ ಹಾಕತೊಡಗಿದ.

ಹೊಸ ಆಟ ಹಳೆಯ ಮೆಷಿನ್ನಿನಲ್ಲಿ ನಡೆಯುವುದಿಲ್ಲ. ಅಂಗಡಿಯವನು ಹಳೆಯದನ್ನೂ ಅದರ ಡಿಸ್ಕನ್ನೂ ಕೊಟ್ಟರೆ ಹೊಸದನ್ನು ಕಡಿಮೆಗೆ ಕೊಡುತ್ತೇನೆಂದ.

"ಹಳೇದು ಒಂದು ಮೂಲೇಲಿ ಇರ್ಲಿ ಬಿಡೋ," ಅಂದಳು ಅಕ್ಕ.

"ಯಾಕೆ, ಪೂಜೆ ಮಾಡೋಕಾ? ಎರಡನೇದ್ರಲ್ಲಿ ಮೊದಲನೇದೂ ಇದ್ದೇ ಇರುತ್ತಲ್ಲಕ್ಕಾ. ಊರು ಅದೇ ತಾನೇ?"

ಹಾಗೆಂದು ತನ್ನ ಕೈಯಾರೆ ಅದನ್ನು ಬಟ್ಟೆಯಿಂದ ಒರೆಸಿ, ವೈರು ಸುತ್ತಿ, ಅಂಗಡಿಯವನ ಮೇಜಿನ ಮೇಲಿಟ್ಟು ಬಂದ.

ಹೊಸ ಆಟ ಶುರುವಾದದ್ದು ದೊಡ್ಡ ವಾದ್ಯಮೇಳದಿಂದ. ಮುಗಿಯಲಿ, ಆಮೇಲೆ ಊರು ಕೇಳಿಸುತ್ತದೆ ಎಂದು ಅವನು ಕಾದ. ಅದು ಮುಗಿಯುವುದೇ ಇಲ್ಲ. ದೀಪದವನು ನಡೆದರೂ ಪಿಟೀಲು, ನಿಂತರೂ ಪಿಟೀಲು. ಸೆಟ್ಟಿಂಗಿಗೆ ಹೋಗಿ ಸಂಗೀತ ನಿಲ್ಲಿಸಿದರೆ ಅದರ ಹಿಂದೆಯೇ ಸುತ್ತಿಗೆ, ನಲ್ಲಿ, ಬಟ್ಟೆ ಎಲ್ಲವೂ ನಿಂತವು; ಕಂಪನಿಯವರು ಎಲ್ಲವನ್ನೂ ಒಂದೇ ಗಂಟು ಕಟ್ಟಿದ್ದರು. ಉಳಿದದ್ದು ಹೆಜ್ಜೆ ಸದ್ದು ಮಾತ್ರ. ಅದೂ ಜಲ್ಲಿಗೆ, ಹಲಗೆಗೆ, ಕಲ್ಲಿಗೆ, ಎಲ್ಲಕ್ಕೂ ಒಂದೇ ಟಪ್ ಟಪ್.

"ಅಕ್ಕಾ, ಮಂಜು ಹೇಗಿದೆ?"

"ಮಂಜೇ ಇಲ್ಲ ಕಣೋ." ಅಕ್ಕನ ದನಿ ಇಳಿಯಿತು. "ಎಲ್ಲಾ ಕಾಣಿಸುತ್ತೆ. ನೆಲದ ಮೇಲೆ ದಾರಿ ತೋರ್ಸೋಕೆ ಹೊಳೆಯೋ ಬಾಣ ಬೇರೆ ಹಾಕಿದ್ದಾರೆ."

ಅವನು ಗಂಟೆಯ ಗುಂಡಿ ಒತ್ತಿದ. ದೀಪದವನು ನೆಗೆದ. ಎಲ್ಲ ಕಾಣುವ ಊರಿನಲ್ಲಿ ಗಂಟೆ ಯಾರಿಗೆ ಬೇಕೆಂದು ತೆಗೆದುಹಾಕಿದ್ದರು.

ಹಳೆಯ ಆಟವನ್ನು ಮೆಚ್ಚಿದವರೆಲ್ಲ ಕೆಂಡಾಮಂಡಲವಾಗಿದ್ದಾರೆಂದು ಟೆಕ್ನಿಷಿಯನ್ ಓದಿ ಹೇಳಿದ. ಒಬ್ಬನಿಗೆ ಬಣ್ಣ ಹೆಚ್ಚಾಯಿತಂತೆ, ಇನ್ನೊಬ್ಬನಿಗೆ ದೀಪದವನ ಮೂಗು ಹಿಡಿಸಲಿಲ್ಲವಂತೆ. "ನಂದೂ ಒಂದು ಬರೀರಿ," ಅಂದ ಆಪರೇಟರ್. "ಮರಕ್ಕೂ ಕಲ್ಲಿಗೂ ಒಂದೇ ಹೆಜ್ಜೆ ಸದ್ದು ಇಟ್ಟಿದ್ದೀರಲ್ಲ, ದಾರಿ ಗೊತ್ತಾಗೋದು ಹೇಗೆ ಅಂತ ಬರೀರಿ."

ಮಾರನೆಯ ದಿನ ಊಟದ ಬಿಡುವಿನಲ್ಲಿ ಟೆಕ್ನಿಷಿಯನ್ ಫೋನ್ ತೆಗೆದವನು ಹಾಗೇ ಜೇಬಿಗಿಟ್ಟುಕೊಂಡ.

"ಉತ್ತರ ಬಂದಿದೆ ಅಲ್ವಾ? ಓದ್ರೀ."

"ಬೇಡ ಬಿಡಿ, ಯಾರೋ ತಲೆಹರಟೆ."

"ಓದ್ರೀ ಅಂದ್ರೆ."

"'ಕಣ್ಣು ಕಾಣಲ್ವಾ? ಕೆಳಗೆ ಬಾಣ ಇದೆಯಲ್ಲ' ಅಂತ ಹಾಕಿದ್ದಾನೆ."

ಆಪರೇಟರ್ ಜೋರಾಗಿ ನಕ್ಕ. "ಸರಿಯಾಗೇ ಕೇಳಿದ್ದಾನೆ!" ಅಂದ. ಅಷ್ಟರಲ್ಲಿ ಬೋರ್ಡಿನಲ್ಲಿ ಕರೆ ಬಂತು. ಗುಂಡಿ ಒತ್ತಿ ಹಲೋ ಅಂದ. ಎಲ್ಲರ ಹಲೋ ಹಿಡಿಯುವವನ ಹಲೋವನ್ನು ಅವತ್ತು ಯಾರೂ ಹಿಡಿಯಲಿಲ್ಲ.

ಅಂಗಡಿಗೆ ಹೋಗಿ ಹಳೆಯದನ್ನು ವಾಪಸ್ ಕೇಳಿದರು. ಅಂಗಡಿಯವನು ಅದನ್ನು ಆಗಲೇ ಬಿಚ್ಚಿ, ಬಿಡಿಭಾಗಗಳನ್ನು ಎಲ್ಲಿಗೋ ಕಳಿಸಿದ್ದ. ಡಿಸ್ಕ್ ಯಾರ ಪಾಲಾಯಿತೋ ಅವನಿಗೂ ಗೊತ್ತಿರಲಿಲ್ಲ. ಟೆಕ್ನಿಷಿಯನ್ ಬೇರೆ ಅಂಗಡಿಗಳನ್ನೆಲ್ಲ ತಡಕಾಡಿ ಕೈಚೆಲ್ಲಿದ.

ಆದರೂ ಆಪರೇಟರ್ ಹಟ ಬಿಡಲಿಲ್ಲ. ಹೊಸ ಊರಾದರೇನು, ಕಲಿತರೆ ಬರುವುದಿಲ್ಲವೇ? ಭಾನುವಾರ ಬಂದರೆ ಕಂಟ್ರೋಲರ್ ಹಿಡಿದು ಕೂತು, ಮೂಲೆಯಿಂದ ಮೂಲೆಗೆ ಹೆಜ್ಜೆ ಎಣಿಸುತ್ತಿದ್ದ. ಒಂದು ಭಾನುವಾರ ಟಪ್ ಟಪ್ ಸದ್ದು ಎಲ್ಲೂ ತಡೆಯದೆ ಒಂದೇ ಸಮನೆ ಸಾಗಿತು. ಅವನ ಮುಖ ಅರಳಿತು.

"ಹಡಗುಕಟ್ಟೆ ಬಂತು ನೋಡಕ್ಕಾ! ಇನ್ನೇನು, ಮುಂದೆ ಮೆಟ್ಟಿಲು."

ಅಕ್ಕ ಉತ್ತರ ಕೊಡಲಿಲ್ಲ. ಫೋನಿನ ಆಚೆ ಜನ ಸುಮ್ಮನಾಗುವುದನ್ನು ಇಷ್ಟು ವರ್ಷ ಕೇಳಿದವನಿಗೆ ಈ ಮೌನ ಯಾವುದೆಂದು ಗೊತ್ತಾಯಿತು.

"ಗೋಡೆನಾ?"

"ಹ್ಞೂಂ."

"ಎಷ್ಟೊತ್ತಿಂದ?"

"ಆಗ್ಲಿಂದ."

ಅವನು ಗುಂಡಿಯಿಂದ ಬೆರಳು ತೆಗೆದ. ಗೋಡೆಗೆ ಮುಖ ಮಾಡಿ ನಿಂತಲ್ಲೇ ನಡೆಯುತ್ತಿದ್ದ ದೀಪದವನ ಹೆಜ್ಜೆ ನಿಂತಿತು. ಅಕ್ಕ ತಪ್ಪು ಮಾಡಿದವಳ ಹಾಗೆ ಹೇಳಿದಳು.

"ಇದ್ರಲ್ಲಿ ಹೊಸದಾಗಿ ಒಂದು ಗುಂಡಿ ಕೊಟ್ಟಿದ್ದಾರೆ ಕಣೋ. ನಾನು ಒತ್ತಿದ್ರೆ ನಿನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ಬಹುದಂತೆ. ಮೊದಲನೇ ದಿನಾನೇ ಓದಿದ್ದೆ. ಹೇಳೋಕೆ ಮನಸ್ಸು ಬರ್ಲಿಲ್ಲ."

ಅವನು ಕಂಟ್ರೋಲರನ್ನು ಎರಡೂ ಕೈಯಲ್ಲಿ ಸರಿಯಾಗಿ ಹಿಡಿದುಕೊಂಡ.

"ಹಿಡ್ಕೋ," ಅಂದ.

ಅವನ ಅಂಗೈಯಲ್ಲಿ ಕಂಟ್ರೋಲರ್ ಮೆಲ್ಲಗೆ ನಡುಗಿತು. ಆಟದೊಳಗೆ ಯಾರೋ ಅವನ ಕೈ ಹಿಡಿದಿದ್ದಾರೆಂದು ತಿಳಿಸುವ ರೀತಿ ಅದು. ಇಬ್ಬರ ಹೆಜ್ಜೆಯೂ ಟಪ್ ಟಪ್ ಎಂದು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅಕ್ಕನ ಬಾಯಿಂದ ಅವಳಿಗೇ ಗೊತ್ತಿಲ್ಲದೆ ಆ ಮಾತು ಬಂತು.

"ಮೆಟ್ಟಿಲು."

ಮಂಚದ ಮೇಲೆ ಕೂತಿದ್ದ ಅವನು ಅಭ್ಯಾಸಬಲದಿಂದ ಕಾಲೆತ್ತಿದ.