ಗೋಡೆಗೆ ಮುಖ ಮಾಡಿದ ವಸ್ತಾದ

ಮನೋಳಿಯ ಬಾಯವ್ವನಿಗೆ ಸುಮ್ಮನೆ ಕೂರುವುದೆಂದರೆ ಮೈಗಾಗದು. ಮೂವತ್ತು ತುಂಬದ ಹೆಣ್ಣುಮಗಳು, ಸುಗ್ಗಿಯಲ್ಲಿ ಜೋಳದ ಹೊರೆ ಹೊತ್ತರೆ ಉಳಿದ ಹೆಂಗಸರು ಹಿಂದೆಯೇ. ಅಂಥವಳ ನಡ ಎಪ್ಪತ್ತಮೂರನೆಯ ಇಸವಿಯ ಸುಗ್ಗಿಯಲ್ಲಿ ಹಿಡಿದುಬಿಟ್ಟಿತು. ಹೊರೆ ಹೊರುವ ಹೆಂಗಸರ ಗುಂಪಿನ ಹಿರಿಯಳು ಶಟ್ಟೆವ್ವ ಕರುಣೆಯಿಂದಲೇ ಅಂದಳು, “ಇನ್ನ ಮ್ಯಾಲ ನೀ ಗಿಡದ ಬುಡಕ ಕೂಸುಗಳನ್ನ ನೋಡ್ಕೋತ ಕುಂಡ್ರವಾ. ಹೊರಿ ನಿನ್ನಿಂದ ಆಗೂದಿಲ್ಲ.”

ಕರುಣೆಯಂತೆ ಕರುಣೆ! ಬೈದಿದ್ದರೂ ಬಾಯವ್ವ ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಮುಂದಿನ ಸುಗ್ಗಿಗೆ ಮತ್ತೆ ಹೊರೆ ಹೊರಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

ಗಂಡ ಮಾಳಪ್ಪ ದಿನಾ ಗರಡಿಗೆ ಹೋಗುವವನು. ಅಲ್ಲಿ ಕುಸ್ತಿ ಕಲಿಸುವ ವಸ್ತಾದ ಮುದಕಪ್ಪ “ನಡಾ ಬಗ್ಗಸಬ್ಯಾಡೋ, ತೊಡಿ ಮ್ಯಾಲ ಭಾರ ಹಾಕು” ಎಂದರೆ ಮುಖ ಊದಿಸಿಕೊಂಡು ಬಂದು, ಆ ಮುದುಕನಿಗೇನು ಗೊತ್ತು ಎಂದು ರೊಟ್ಟಿ ಮುರಿಯುತ್ತ ಬೈಯುವನು. ಗರಡಿಯ ಗಂಡಸರೆಲ್ಲ ಹಾಗೇ, ಭಲೇ ಅನ್ನಲಿಕ್ಕೆ ವಸ್ತಾದ ಬೇಕು, ತಿದ್ದಲಿಕ್ಕೆ ಬೇಡ. ರೊಟ್ಟಿ ಬಡಿಯುತ್ತಿದ್ದ ಬಾಯವ್ವನ ತಲೆಯಲ್ಲಿ ಮಾತ್ರ ಆ ಮುದುಕನ ಮಾತೇ ಕೂತಿತು. ಮರುದಿನ ಅವನ ಹಿತ್ತಲಿಗೆ ಹೋದಳು.

“ಕಾಕಾ, ನನಗ ಭಾರ ಎತ್ತೂದು ಕಲಸ್ರಿ.”

“ಗರಡಿಗೆ ಹೆಂಗಸರು ಬರೂ ಹಂಗಿಲ್ಲವಾ.”

“ಗರಡಿ ಯಾರಿಗೆ ಬೇಕಾಗೇತ್ರಿ? ಇಲ್ಲೇ ಕಲಸ್ರಿ. ಖರೇ ನೀವು ನನ್ನ ಕಡೆ ನೋಡಬಾರದು. ಯಾರರ ನೋಡಿದ್ರ ನನಗ ಕೈಕಾಲು ಆಡೂದಿಲ್ಲ.”

“ನೋಡಲಾರದ ಹೆಂಗ ತಿದ್ದಲೇ, ಹುಚ್ಚಿ?”

ಅಂದನೇನೋ ನಿಜ. ಆದರೆ ಇಷ್ಟು ವರ್ಷದಲ್ಲಿ ತಾವಾಗಿ ಬಂದು ತಿದ್ದಿರಿ ಎಂದು ಕೇಳಿದವರು ಇವಳೊಬ್ಬಳೇ. ಮುದುಕನಿಗೆ ಅಂಥವಳನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಮಂದಿ ಮಾತಾಡಬಾರದೆಂದು ತನ್ನ ಹೆಂಡತಿಯನ್ನು ಹಿತ್ತಲಲ್ಲಿ ಕೂರಿಸಿ, ತಾನು ಗೋಡೆಯ ಕಡೆ ಮುಖ ಮಾಡಿ ಕುಳಿತ. ಮೊದಲು ಬರೀ ಬೈಠಕ್, ನಡ ಸಡಿಲಾದ ಮೇಲೆ ಸಣ್ಣ ಕಲ್ಲು, ಆಮೇಲೆ ದೊಡ್ಡದು. ಎಂಥ ಕಿವಿ ಅವನದು! ಹೆಜ್ಜೆಯ ಸಪ್ಪಳದಲ್ಲೇ ಹಿಡಿಯುತ್ತಿದ್ದ.

“ಎಡಗಾಲು ಹಿಂದ ಸರೀತು. ಉಸರು ಕಟ್ಟೀದಿ, ಹುಂ ಅಂತ ಬಿಡು!”

“ಹೆಣ್ಣಮಕ್ಕಳು ಹುಂ ಅಂದ್ರ ಮಂದಿ ಏನಂದಾರ್ರಿ?”

“ನಿನ್ನ ಗಂಡ ನೀರಿನ ತಂಬಗಿ ಎತ್ತಿದ್ರೂ ಹುಂ ಅಂತಾನ. ಅವಗ ಯಾರರ ಏನರ ಅಂದಾರೇನು?”

ಬಾಯವ್ವ ಕಲ್ಲು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗೋಡೆಯ ಕಡೆಯಿಂದ ಮುದುಕನೂ ನಕ್ಕ. ಆವತ್ತಿನಿಂದ ಅವಳು ಹುಂ ಅಂದರೆ ಪಕ್ಕದ ಮನೆಯ ಕೋಳಿಗಳು ಚದುರುತ್ತಿದ್ದವು.

ಸುಗ್ಗಿ ಬಂತು. ಬಾಯವ್ವ ಹೊರೆಗೆಂದು ತಲೆಗೆ ಸಿಂಬಿ ಸುತ್ತಿಕೊಂಡು ಹೊಲಕ್ಕೆ ಬಂದದ್ದನ್ನು ಕಂಡು ಶಟ್ಟೆವ್ವ ಗಾಬರಿಯಾದಳು. “ಬ್ಯಾಡವಾ, ಮತ್ತ ನಡಾ ಹಿಡದೀತು!”

ಬಾಯವ್ವ ಮೊಣಕಾಲು ಮಡಿಸಿ ಕುಳಿತು ಹೊರೆಯನ್ನು ತೊಡೆಗೆಳೆದುಕೊಂಡಳು, ಹೊಲಕ್ಕೆಲ್ಲ ಕೇಳುವಂತೆ ಹುಂ ಅಂದಳು, ಹೊರೆ ತಲೆಯ ಮೇಲಿತ್ತು. ಯಾರೂ ಕೈ ಹಚ್ಚಿರಲಿಲ್ಲ. ಶಟ್ಟೆವ್ವ “ಎಲಾ ಇಕಿನ!” ಎಂದು ಬಾಯಿ ಮೇಲೆ ಕೈಯಿಟ್ಟಳು.

ಅದೇ ಹೊತ್ತಿಗೆ ಮುದಕಪ್ಪ ಬದುವಿನ ಮೇಲೆ ಬರುತ್ತಿದ್ದ. ಅವಳ ಹುಂ ಕೇಳಿಸಿದ್ದೇ ತಡ, ರೂಢಿಯಂತೆ ಗಕ್ಕನೆ ಹೊಳೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟ. ಬಾಯವ್ವ ಹೊರೆ ಹೊತ್ತೇ ಅವನತ್ತ ತಿರುಗಿದಳು. ಇನ್ನೆಂಥಾ ನಾಚಿಕೆ, ಯಾರ ಹಂಗು!

“ಕಾಕಾ! ಅತ್ತ ಏನ ನೋಡ್ತೀರಿ? ಇತ್ತ ತಿರಗ್ರಿ! ನನ್ನ ನೋಡ್ರಿ!”

ಮುದುಕ ತಿರುಗಿದ. ಪಾದ ನೋಡಿದ, ನಡ ನೋಡಿದ, ನೆಟ್ಟಗೆ ನಿಂತ ಕುತ್ತಿಗೆ ನೋಡಿದ. ತಿದ್ದಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿ ಹುಡುಕಿ ಸೋತ. “ಭಲೇ ಮಗಳ!” ಎಂದು ಕೂಗಿದ. ಬಾಯವ್ವ ಎಲ್ಲರ ಕಣ್ಣೆದುರು, ಎಲ್ಲರಿಗಿಂತ ಮುಂದೆ ಕಣದ ಕಡೆ ನಡೆದಳು.